ಬುಸ್ ಎನ್ನುವ ಗಾಳಿ, ಜಿನುಗುವ ಎಣ್ಣೆ

ಮನರಂಜನಾ ಉದ್ಯಾನಗಳಲ್ಲಿ ರೋಲರ್ ಕೋಸ್ಟರ್ ಬಂದು ನಿಲ್ಲುವಾಗ 'ಬುಸ್' ಎಂಬ ಸದ್ದನ್ನು ನೀವು ಕೇಳಿರಬಹುದು. ಗಾಳಿಯೇ ಬ್ರೇಕನ್ನು ಒತ್ತಿ ಹಿಡಿಯಿತೆಂದು ಬಹಳ ಮಂದಿ ಭಾವಿಸುತ್ತಾರೆ. ಅನೇಕ ಆಟದ ಯಂತ್ರಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಬ್ರೇಕನ್ನು ಒತ್ತುವುದು ಬಲವಾದ ಸ್ಪ್ರಿಂಗು. ಅದನ್ನು ಬಿಡಿಸುವುದಷ್ಟೇ ಗಾಳಿಯ ಕೆಲಸ. ಗಾಳಿ ಹೊರಹೋದೊಡನೆ ಸ್ಪ್ರಿಂಗು ಬ್ರೇಕನ್ನು ಹಿಡಿಸುತ್ತದೆ. ಗಾಳಿಯ ಕೊಳವೆ ಒಡೆದರೂ ಬಂಡಿ ನಿಲ್ಲುತ್ತದೆಯೇ ಹೊರತು ಓಡಿಹೋಗುವುದಿಲ್ಲ. ಗಾಳಿ ಬ್ರೇಕಿರುವ ಬಸ್ಸು, ಲಾರಿಗಳ ಪಾರ್ಕಿಂಗ್ ಬ್ರೇಕಿನಲ್ಲೂ ಇದೇ ಉಪಾಯವಿದೆ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ. ಗಾಳಿ ಹೊರಹೋದರೆ ತಾನೇ ಬ್ರೇಕು ಹಿಡಿಯುವುದು? ಹೊರಬಿಡುವ ವಾಲ್ವು ತುಕ್ಕು ಹಿಡಿದು ಅಂಟಿಕೊಂಡರೆ ಏನು ಗತಿ? ತುಕ್ಕಿಗೆ ನೀರು ಬರುವುದು ಗಾಳಿಯಿಂದಲೇ. ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ನೋಡಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಅಂಥ ತೇವದ ಗಾಳಿ 8 ಘನ ಮೀಟರ್ ಇದ್ದರೆ ಅದರಲ್ಲಿ 240 ಗ್ರಾಂ ಆವಿ. ಅದನ್ನು ಒಂದೇ ಘನ ಮೀಟರಿಗೆ ಒತ್ತಿ, ಮತ್ತೆ 30 ಡಿಗ್ರಿಗೆ ತಣಿಸಿದರೆ ಆವಿಯಾಗಿ ಉಳಿಯುವುದು 30 ಗ್ರಾಂ. ಮಿಕ್ಕ 210 ಗ್ರಾಂ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ಆದ್ದರಿಂದಲೇ ಟ್ಯಾಂಕಿನ ನೀರನ್ನು ತಪ್ಪದೆ ಬಸಿಯಬೇಕು, ಗಾಳಿಯನ್ನು ಒಣಗಿಸುವ ಸಾಧನ ಮತ್ತು ಫಿಲ್ಟರುಗಳನ್ನು ನೋಡಿಕೊಳ್ಳಬೇಕು. ಮಳೆಗಾಲದಲ್ಲಂತೂ ಇದು ಇನ್ನೂ ಮುಖ್ಯ.

ಇನ್ನು ಎಣ್ಣೆಯ ವಿಷಯ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ. ಎಣ್ಣೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ತೊಡೆಯ ಮೇಲೆ ಬಂದು ಕೂರುವ ಸುರಕ್ಷಾ ಸರಳು ಹಲವು ಯಂತ್ರಗಳಲ್ಲಿ ಈ ಗುಣವನ್ನೇ ನಂಬಿಕೊಂಡಿದೆ. ಸರಳನ್ನು ಕೆಳಗೆ ಒತ್ತಿದಾಗ ಸಿಲಿಂಡರಿನ ಎಣ್ಣೆ ಒಮ್ಮುಖ ವಾಲ್ವಿನ ಮೂಲಕ ಒಂದು ಕಡೆಗೆ ಹರಿಯುತ್ತದೆ. ಹಿಂದಿರುಗಲು ದಾರಿಯಿಲ್ಲದ್ದರಿಂದ ಸರಳು ಮೇಲೇಳದು. ಎಣ್ಣೆಯಲ್ಲಿ ಗಾಳಿಗುಳ್ಳೆ ಸೇರಿದರೆ ಸರಳು ಅಲುಗಾಡುತ್ತದೆ. ಸೀಲು ಸವೆದರೆ ನಿಧಾನವಾಗಿ ಸಡಿಲಗೊಳ್ಳುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಬೆರೆತಿರಬಹುದೆಂದು ಮೆಕ್ಯಾನಿಕ್ ಸಂಶಯಪಡುತ್ತಾನೆ. ಒಂದು ಸಿಲಿಂಡರ್ ಕೈಕೊಟ್ಟರೂ ಇನ್ನೊಂದು ಹಿಡಿದಿರಲೆಂದು ಇಂಥ ಆಸನಗಳಿಗೆ ಸಾಮಾನ್ಯವಾಗಿ ಎರಡು ಸಿಲಿಂಡರ್ ಇಡುತ್ತಾರೆ.

ಎಣ್ಣೆ ಸೋರುವ ಜಾಗವನ್ನು ಬೆರಳಿನಿಂದ ಹುಡುಕುವುದು ಮಹಾ ಅಪಾಯ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ತಿಳಿದವರು ರಟ್ಟಿನ ತುಂಡನ್ನು ದೂರದಿಂದ ಹಿಡಿದು ನೋಡುತ್ತಾರೆ. ಸ್ವಿಚ್ ಆರಿಸಿದ ಮೇಲೂ ಒತ್ತಡ ಒಳಗೇ ಉಳಿದಿರಬಹುದು. ಅದನ್ನು ಇಳಿಸದೆ ಕೊಳವೆ ಬಿಚ್ಚಬಾರದು.

ಈ ಶಕ್ತಿಯ ಅಂದಾಜಿಗೆ ಒಂದು ಉದಾಹರಣೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 2005ರಲ್ಲಿ ಆರಂಭವಾದ 'ಕಿಂಗ್ಡಾ ಕಾ' ಎಂಬ ರೋಲರ್ ಕೋಸ್ಟರ್, ಹೈಡ್ರಾಲಿಕ್ ಬಲದಿಂದ ಸುಮಾರು 3.5 ಸೆಕೆಂಡಿನಲ್ಲಿ ಗಂಟೆಗೆ 206 ಕಿ.ಮೀ. ವೇಗ ಪಡೆಯುತ್ತಿತ್ತು. 2024ರಲ್ಲಿ ಅದನ್ನು ನಿಲ್ಲಿಸಲಾಯಿತು. ಇದೇ ಬಗೆಯ, ಕ್ಯಾಲಿಫೋರ್ನಿಯದ 'ಎಕ್ಸಲರೇಟರ್'ನಲ್ಲಿ 2009ರಲ್ಲಿ ಬಂಡಿಯನ್ನು ಎಳೆಯುವ ಉಕ್ಕಿನ ಹಗ್ಗ ತುಂಡಾಗಿ ಇಬ್ಬರು ಗಾಯಗೊಂಡರು. ಎಣ್ಣೆ, ಗಾಳಿಯ ಜೊತೆಗೆ ಅವು ಎಳೆಯುವ ಹಗ್ಗವನ್ನೂ ನೋಡಿಕೊಳ್ಳಬೇಕೆಂಬುದನ್ನು ಇದು ನೆನಪಿಸುತ್ತದೆ.

ಪಾಲಕರಿಗೆ ಒಂದು ಮಾತು. ಸಿಬ್ಬಂದಿ ಪ್ರತಿ ಆಸನದ ಸರಳನ್ನೂ ಎಳೆದು ನೋಡುತ್ತಾರೆಯೇ, ಗಮನಿಸಿ. ಸರಳು ಸಡಿಲವೆನಿಸಿದರೆ ಬಂಡಿ ಹೊರಡುವ ಮೊದಲೇ ಕೂಗಿ ಹೇಳುವಂತೆ ಮಕ್ಕಳಿಗೆ ಕಲಿಸಿ. ಎತ್ತರದ ನಿಯಮವಿದ್ದಲ್ಲಿ ಮಗುವಿನ ಹಟಕ್ಕೆ ಮಣಿಯಬೇಡಿ. 'ತಪಾಸಣೆಗಾಗಿ ನಿಲ್ಲಿಸಲಾಗಿದೆ' ಎಂಬ ಫಲಕ ಕಂಡರೆ ಟಿಕೆಟ್ಟಿನ ಹಣ ದಂಡವಾಯಿತೆಂದು ಜಗಳಕ್ಕಿಳಿಯಬೇಡಿ. ಅಲ್ಲಿ ಯಾರೋ ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ.