ನಮ್ಮ ಮಕ್ಕಳಿಗೆ ಬರೆಯಲು ಕಲಿಸಿದ್ದೇವೆಯೇ?

ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶಗಳು ಪ್ರಕಟವಾಗುವ ದಿನಗಳಲ್ಲಿ ನಮ್ಮ ಪಟ್ಟಣಗಳ ಬೀದಿಗಳು ಫ್ಲೆಕ್ಸ್‌ಗಳಿಂದ ತುಂಬುತ್ತವೆ. ಹೆಚ್ಚು ಅಂಕ ಗಳಿಸಿದವರ ಭಾವಚಿತ್ರ, ಜಮಾಅತ್‌ಗಳ ಸನ್ಮಾನ, ಶಾಲು, ಸ್ಮರಣಿಕೆ, ಭಾಷಣ. ಇದು ಸಂತೋಷದ ಸಂಗತಿಯೇ. ಹೆಣ್ಣು ಮಕ್ಕಳನ್ನು ಏಳನೇ ತರಗತಿಗೇ ಶಾಲೆ ಬಿಡಿಸುತ್ತಿದ್ದ ಮನೆಗಳಿಂದಲೂ ಇಂದು ಪದವಿ ಕಾಲೇಜಿನ ಮೆಟ್ಟಿಲೇರುವವರಿದ್ದಾರೆ. ಆದರೆ ಸನ್ಮಾನದ ಶಾಲು ಮಡಚಿಟ್ಟ ನಂತರ ಏನಾಗುತ್ತದೆ ಎಂದು ನಾವು ವಿಚಾರಿಸಿದ್ದೇವೆಯೇ?

ಪದವಿಯ ಮೊದಲ ಸೆಮಿಸ್ಟರ್‌ನಲ್ಲಿ ಅಧ್ಯಾಪಕರು, ‘ನಿಮ್ಮ ಊರಿನ ಕುಡಿಯುವ ನೀರಿನ ಸಮಸ್ಯೆಯ ಕುರಿತು ಐದು ಪುಟ ಬರೆದು ತನ್ನಿ’ ಎನ್ನುತ್ತಾರೆ. ಅಂಕಪಟ್ಟಿಯಲ್ಲಿ ಮಿಂಚಿದ ವಿದ್ಯಾರ್ಥಿನಿ ಎಲ್ಲಿಗೆ ಹೋಗುತ್ತಾಳೆ? ನಗರಸಭೆಗಲ್ಲ, ಗ್ರಂಥಾಲಯಕ್ಕೂ ಅಲ್ಲ. ಹಿಂದೆ ಸೈಬರ್ ಕೆಫೆ ಅಥವಾ ಜೆರಾಕ್ಸ್ ಅಂಗಡಿಗೆ ಹೋಗುತ್ತಿದ್ದಳು. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಷ್ಟು ದೂರ ನಡೆಯುವ ಅಗತ್ಯವೂ ಉಳಿದಿಲ್ಲ. ಐದು ಪುಟ ಸಿದ್ಧವಾಗುತ್ತದೆ. ಅದರಲ್ಲಿ ಆಕೆಯದೆನ್ನಬಹುದಾದ ಒಂದು ವಾಕ್ಯವೂ ಇರುವುದಿಲ್ಲ.

ಇದಕ್ಕೆ ಮಕ್ಕಳನ್ನು ದೂರುವುದು ಅನ್ಯಾಯ. ಹತ್ತು ವರ್ಷ ಗೈಡ್‌ಗಳಲ್ಲಿನ ಉತ್ತರಗಳನ್ನು ಕಂಠಪಾಠ ಮಾಡಿಸಿದವರು ನಾವೇ. ಬಳಿಕ ಎರಡು ವರ್ಷ ಅವರನ್ನು ಕೋಚಿಂಗ್ ತರಗತಿಗಳಿಗೆ ಅಟ್ಟಿದೆವು. ನೀಟ್‌ನಲ್ಲಿ 180 ಪ್ರಶ್ನೆಗಳು, ಸಿಇಟಿಯಲ್ಲಿ ವಿಷಯವೊಂದಕ್ಕೆ 60 ಪ್ರಶ್ನೆಗಳು. ಎಲ್ಲದಕ್ಕೂ ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಗುರುತಿಸಿದರೆ ಸಾಕು, ಒಂದು ವಾಕ್ಯವನ್ನೂ ಬರೆಯಬೇಕಿಲ್ಲ. ಮಕ್ಕಳನ್ನು ಐಎಎಸ್ ಅಧಿಕಾರಿಗಳನ್ನಾಗಿ ಮಾಡುವ ಕನಸು ಕಾಣುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿ ಗುರುತು ಹಾಕುವುದು ಪ್ರಾಥಮಿಕ ಪರೀಕ್ಷೆಯಲ್ಲಿ ಮಾತ್ರ. ಅರ್ಹತಾ ಪಟ್ಟಿಯನ್ನು ನಿರ್ಧರಿಸುವ ಮುಖ್ಯ ಪರೀಕ್ಷೆಯ 1750 ಅಂಕಗಳನ್ನೂ ಬರೆದೇ ಗಳಿಸಬೇಕು. ಪ್ರಬಂಧವೊಂದಕ್ಕೇ 250 ಅಂಕಗಳಿವೆ.

ಕಾಲೇಜು ಮಟ್ಟದ ಬರವಣಿಗೆ ಎಂದರೆ ಕಠಿಣ ಪದಗಳ ಮೆರವಣಿಗೆಯಲ್ಲ. ಒಂದು ಸ್ಪಷ್ಟವಾದ ಪ್ರಶ್ನೆ ಕೇಳುವುದು, ಅದಕ್ಕೆ ಆಧಾರ ಹುಡುಕುವುದು, ವಿರುದ್ಧ ಅಭಿಪ್ರಾಯವನ್ನೂ ನ್ಯಾಯವಾಗಿ ತೂಗುವುದು, ನಂತರ ತೀರ್ಮಾನಕ್ಕೆ ಬರುವುದು. ಯಾರ ಮಾತನ್ನು ಬಳಸಿದ್ದೇವೋ ಅವರ ಹೆಸರು ಹೇಳುವುದು. ‘ನಮ್ಮ ಊರಿನಲ್ಲಿ ನೀರಿನ ಸಮಸ್ಯೆ ಇದೆ’ ಎಂಬುದು ದೂರು. ನಮ್ಮ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಪಕ್ಕದ ವಾರ್ಡಿಗೆ ಎಷ್ಟು ದಿನಕ್ಕೊಮ್ಮೆ, ಈ ವ್ಯತ್ಯಾಸಕ್ಕೆ ಕಾರಣವೇನು ಎಂದು ಹತ್ತು ಮನೆಗಳಲ್ಲಿ ವಿಚಾರಿಸಿ, ಕಚೇರಿಯ ದಾಖಲೆಯೊಂದಿಗೆ ಹೋಲಿಸಿ ಬರೆದರೆ ಅದು ಅಧ್ಯಯನ.

ನಕಲಿನ ಅಭ್ಯಾಸ ಮುಂದೆ ದುಬಾರಿಯೂ ಆಗುತ್ತದೆ. ಯುಜಿಸಿಯ 2018ರ ನಿಯಮಾವಳಿಯಂತೆ ಸಂಶೋಧನಾ ಪ್ರಬಂಧದಲ್ಲಿ ಶೇ. 60ಕ್ಕಿಂತ ಹೆಚ್ಚು ಕೃತಿಚೌರ್ಯ ಸಾಬೀತಾದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಆದರೆ ನಾವಿಲ್ಲಿ ದಂಡನೆಯ ಭಯವನ್ನು ಮುಂದಿಡುತ್ತಿಲ್ಲ. ಒಂದು ಮಾತು ಯಾರಿಂದ ಯಾರಿಗೆ ಬಂತು, ತಲುಪಿಸಿದವರು ನಂಬಲರ್ಹರೇ ಎಂದು ಪರಿಶೀಲಿಸದೆ ಸ್ವೀಕರಿಸಬಾರದೆಂಬ ನಿಷ್ಠುರ ಶಿಸ್ತನ್ನು ಹದೀಸ್ ವಿದ್ವಾಂಸರು ಶತಮಾನಗಳ ಹಿಂದೆಯೇ ರೂಪಿಸಿದ್ದರು. ಸನದ್ ಎಂಬ ಪದವನ್ನು ಅರಿತ ಮನೆಯ ಮಕ್ಕಳು ಮೂಲವನ್ನೇ ಹೇಳದೆ ಪರರ ಬರಹಕ್ಕೆ ತಮ್ಮ ಹೆಸರು ಹಾಕುವುದು ವಿಪರ್ಯಾಸವಲ್ಲವೇ?

ಸಮುದಾಯದ ಹಿಂದುಳಿದಿರುವಿಕೆಯ ಬಗ್ಗೆ ವೇದಿಕೆಗಳಲ್ಲಿ ದಶಕಗಳ ಕಾಲ ಕಣ್ಣೀರು ಹರಿಸಲಾಯಿತು. ಆ ಭಾಷಣಗಳು ಗಾಳಿಯಲ್ಲಿ ಕರಗಿದವು. 2006ರ ನವೆಂಬರ್‌ನಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಸಾಚಾರ್ ಸಮಿತಿಯ ವರದಿ ಮಾತ್ರ ಉಳಿಯಿತು. 20 ವರ್ಷ ಮೇಲ್ಪಟ್ಟವರಲ್ಲಿ ದೇಶದ ಸುಮಾರು ಶೇ. 7 ಮಂದಿ ಪದವಿ ಅಥವಾ ಡಿಪ್ಲೊಮಾ ಪಡೆದಿದ್ದರೆ, ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 4ಕ್ಕಿಂತ ಕಡಿಮೆ ಎಂದು ಅದು ಜನಗಣತಿಯ ಆಧಾರದಲ್ಲಿ ತೋರಿಸಿತು. ವರದಿಯನ್ನು ಮೆಚ್ಚದವರೂ ಅದರ ಅಂಕಿ-ಅಂಶಗಳಿಗೆ ಉತ್ತರಿಸಬೇಕಾಯಿತು. ಆಧಾರಸಹಿತ ಬರವಣಿಗೆಯ ಶಕ್ತಿ ಇದು. ನಾಳೆ ನಮ್ಮ ಮೊಹಲ್ಲಾಗಳ ಕಥೆಯನ್ನು ಬರೆಯುವವರು ಯಾರು? ನಮ್ಮ ಮಕ್ಕಳಿಗೆ ಬರೆಯಲು ಬಾರದಿದ್ದರೆ ಇತರರು ಬರೆಯುತ್ತಾರೆ. ಅದರಲ್ಲಿ ತಪ್ಪಿದೆ ಎಂದು ಲಿಖಿತವಾಗಿ ತೋರಿಸಿಕೊಡುವ ಸಾಮರ್ಥ್ಯವೂ ನಮಗಿರುವುದಿಲ್ಲ.

ಆದ್ದರಿಂದ ಸಿದ್ಧತೆ ಪ್ರೌಢಶಾಲೆಯಲ್ಲೇ ಆರಂಭವಾಗಬೇಕು. ಮನೆಯಲ್ಲಿ ಉರ್ದುವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ಪರಿಸ್ಥಿತಿಯಲ್ಲಿರುವ ಮಗು ಮೊದಲು ತನಗೆ ಸಲೀಸಾದ ಭಾಷೆಯಲ್ಲಿ ಯೋಚಿಸಿ ಬರೆಯಲಿ. ಇಂಗ್ಲಿಷ್ ನಂತರ ಬರುತ್ತದೆ. ತಂದೆ-ತಾಯಂದಿರು ‘ಎಷ್ಟು ಅಂಕ ಬಂತು’ ಎಂಬುದರ ಜೊತೆಗೆ ‘ಏನು ಬರೆದೆ, ಓದಿ ಹೇಳು’ ಎಂದೂ ಕೇಳಲಿ. ಹೆಚ್ಚು ಓದದ ತಾಯಿಯೂ ಇದನ್ನು ಕೇಳಬಲ್ಲಳು. ಮಗ ತನ್ನದೇ ಬರಹವನ್ನು ವಿವರಿಸಲಾರದೆ ತಡವರಿಸಿದರೆ ಸತ್ಯ ಆಕೆಗೂ ತಿಳಿಯುತ್ತದೆ. ಜಮಾಅತ್‌ಗಳು ಸನ್ಮಾನದ ವೆಚ್ಚದಲ್ಲಿ ಒಂದು ಪಾಲನ್ನು ಉಳಿಸಿ ವಾರಕ್ಕೊಂದು ಬರವಣಿಗೆ ತರಗತಿ ನಡೆಸಲಿ. ನಿವೃತ್ತ ಶಿಕ್ಷಕರು ಪ್ರತಿ ಊರಿನಲ್ಲೂ ಇದ್ದಾರೆ. ಮಗು ಬರೆದುದನ್ನು ಅವರು ತಿದ್ದಲಿ, ಮಗು ಮತ್ತೆ ಬರೆಯಲಿ. ಬರವಣಿಗೆ ಕಲಿಯಲು ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಮುಂದಿನ ವರ್ಷವೂ ಫ್ಲೆಕ್ಸ್‌ಗಳು ಏಳಲಿ, ನಮ್ಮ ಅಭ್ಯಂತರವಿಲ್ಲ. ಆದರೆ ಅದರಲ್ಲಿ ನಗುತ್ತಿರುವ ಮಗುವಿನ ಕೈಗೆ ಒಂದು ಖಾಲಿ ಹಾಳೆ ಕೊಟ್ಟರೆ ಅದು ಏನು ಬರೆಯಬಲ್ಲದು ಎಂಬುದನ್ನೂ ಆ ಫ್ಲೆಕ್ಸ್ ಕಟ್ಟುವವರು ಒಮ್ಮೆ ಕೇಳಿಕೊಳ್ಳಲಿ.