ತಡಮಾಡಿ ಹೋದ ಪ್ರವಾಸ

ದುರ್ಗದಬೈಲಿನ ಪೇಟೆಯ ಗದ್ದಲದಲ್ಲಿಯೇ ಮೂವತ್ತೈದು ವರ್ಷ ಸಂಸಾರ ಮಾಡಿದ ನಮಗೆ ಸ್ಕಾಟ್ಲಂಡವೆಂಬುದು ಭೂಗೋಲದ ಪುಸ್ತಕದೊಳಗಿನ ಒಂದು ಹೆಸರಷ್ಟೇ ಆಗಿತ್ತು. ಆದರೆ ಆ ನಾಡಿನ ರಾಜಧಾನಿಯಾದ ಎಡಿನ್‌ಬರೋದಲ್ಲಿ ನನ್ನ ಬಾಲ್ಯದ ಗೆಳೆಯನೂ, ಉತ್ತರದ ಇನ್ವರ್ನೆಸ್ಸಿನಲ್ಲಿ ನಮ್ಮ ಮನೆಯವರ ಗೆಳತಿಯೂ ಬಹುಕಾಲದಿಂದ ನೆಲೆಸಿದ್ದಾರೆ. ಬರಬೇಕೆಂದು ಅವರು ಕರೆಯುವುದೂ, ಬರುವ ವರ್ಷ ಖಂಡಿತವೆಂದು ನಾವು ಹೇಳುವುದೂ ಹನ್ನೆರಡು ವರ್ಷ ನಡೆಯಿತು. ಮಗಳ ಲಗ್ನ, ಮನೆಯ ದುರಸ್ತಿ, ಅಂಗಡಿಯ ಲೆಕ್ಕ—ಸಂಸಾರಿಗೆ ನೆವಗಳಿಗೇನು ಬರವೆ? ಕಳೆದ ಜೂನ್ ತಿಂಗಳಲ್ಲಿ ಕೊನೆಗೂ ಹೊರಟೆವು.

ಹೊರಡುವವರಿಗೆ ಒಂದು ಸೂಚನೆ. ಹಾಲಿನ ಪದಾರ್ಥಗಳನ್ನು ಇಲ್ಲಿಂದ ಒಯ್ಯಲು ಆ ದೇಶದ ಕಾಯಿದೆಯಲ್ಲಿ ಒಪ್ಪಿಗೆಯಿಲ್ಲ. ಆದುದರಿಂದ ಧಾರವಾಡದ ಪೇಢೆಯನ್ನು ಬಿಟ್ಟು, ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಗಳನ್ನು ಕಟ್ಟಿಕೊಂಡೆವು. ಅಲ್ಲಿಯವರೂ ಓಟ್ಸ್ ಧಾನ್ಯದ ಹಿಟ್ಟಿನಿಂದ ತೆಳುವಾದ ಗಟ್ಟಿ ರೊಟ್ಟಿಯನ್ನು ಮಾಡುತ್ತಾರೆ. ಅದು ನಮ್ಮ ಕಡಕ್ ರೊಟ್ಟಿಯ ದೂರದ ನಂಟನೆಂದು ಮನೆಯವರು ಮೊದಲ ದಿನವೇ ತೀರ್ಮಾನಿಸಿದರು.

ಗೆಳೆಯನು ಬಾಗಿಲಲ್ಲಿಯೇ ನಿಂತಿದ್ದನು. ಅವನ ದೃಷ್ಟಿ ಕುಂದಿದೆ. ನಮ್ಮ ಧ್ವನಿಯಿಂದಲೇ ನಮ್ಮನ್ನು ಗುರುತಿಸಿದನು. “ಬಂದ್ಯಾ? ಭಾಳ ತಡಾ ಮಾಡಿದ್ಯೋ” ಎಂದಷ್ಟೇ ಅಂದನು. ಅವನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಆ ರಾತ್ರಿ ಹತ್ತು ಗಂಟೆಯಾದರೂ ಆಕಾಶದಲ್ಲಿ ಬೆಳಕು ಉಳಿದಿತ್ತು. ಅವನು ಪೆಟ್ಟಿಗೆಯೊಂದನ್ನು ತಡಕಿ ತೆರೆದು, ಒಂದು ಕೌದಿಯನ್ನು ತೆಗೆದನು. “ವೈನಿ, ಇದು ನಿಮಗಾಗಿ ಹೊಲಿದದ್ದು. ನೀವು ಬಂದಾಗ ಹಾಸಬೇಕಂತ ಇಟ್ಟಿದ್ಲು” ಎಂದನು. ಹಳೆಯ ಇಳಕಲ್ಲ ಸೀರೆಗಳನ್ನು ಕೂಡಿಸಿ ಹನ್ನೆರಡು ವರ್ಷಗಳ ಕೆಳಗೆ ಹೊಲಿದ ಕೌದಿಯದು. ನಮ್ಮ ಮನೆಯವರು ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನ ಅವನ ಕೈ ಹಿಡಿದು ಪಟ್ಟಣವನ್ನು ಸುತ್ತಿದೆವು. ದಾರಿಯಲ್ಲಿ ಅವನು ವಾಲ್ಟರ್ ಎಲಿಯಟ್ಟನ ಕಥೆಯನ್ನು ಹೇಳಿದನು. ಎಲಿಯಟ್ಟನು ಅದೇ ಪಟ್ಟಣದಲ್ಲಿ 1803ರಲ್ಲಿ ಹುಟ್ಟಿದವನು. ಎಳೆಯ ವಯಸ್ಸಿನಲ್ಲಿಯೇ ಧಾರವಾಡದ ಕಲೆಕ್ಟರನಾದ ಥ್ಯಾಕರೆಯ ಸಹಾಯಕನಾಗಿ ನಮ್ಮ ಸೀಮೆಗೆ ಬಂದನು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆಯು ಮಡಿದಾಗ, ಎಲಿಯಟ್ಟನೂ ಸ್ಟೀವನ್‌ಸನ್ ಎಂಬ ಇನ್ನೊಬ್ಬ ಸಹಾಯಕನೂ ರಾಣಿ ಚೆನ್ನಮ್ಮನಿಗೆ ಸೆರೆಸಿಕ್ಕರು. ಸುಮಾರು ಆರು ವಾರಗಳ ಮೇಲೆ, ಡಿಸೆಂಬರಿನಲ್ಲಿ, ಅವರ ಬಿಡುಗಡೆಯಾಯಿತು. ಹೀಗೆ ಪ್ರಾಣ ಉಳಿದವನು ಮುಂದೆ ಹಳ್ಳಿಹಳ್ಳಿಯ ಕಲ್ಲುಗಳ ಬರಹವನ್ನು ಪ್ರತಿಮಾಡಿಸಿ ಸುಮಾರು 600 ಶಾಸನಗಳನ್ನು ಕೂಡಿಹಾಕಿದನು. ಚಾಲುಕ್ಯರ ವಂಶಾವಳಿಯನ್ನು ಶಾಸನಗಳಿಂದ ಕಟ್ಟುವ ಕೆಲಸಕ್ಕೆ 1837ರಲ್ಲಿ ಅವನು ಪ್ರಕಟಿಸಿದ ಲೇಖನವೇ ಒಂದು ಬುನಾದಿಯಾಯಿತು. ಆ ಪ್ರತಿಗಳ ಸಂಗ್ರಹವು ಎಡಿನ್‌ಬರೋ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಸೇರಿತು. ಕೊನೆಗಾಲದಲ್ಲಿ ಕಣ್ಣು ಕಾಣದಂತಾದರೂ ದಕ್ಷಿಣ ಹಿಂದುಸ್ಥಾನದ ನಾಣ್ಯಗಳನ್ನು ಕುರಿತ ಗ್ರಂಥವನ್ನು ಮುಗಿಸಿ, 1887ರಲ್ಲಿ ಅವನು ತೀರಿಕೊಂಡನು.

ಇಷ್ಟು ಹೇಳಿ ಗೆಳೆಯನು ನನ್ನನ್ನು ಕೇಳಿದನು: “ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಹ್ಯಾಂಗದ? ನಾಲ್ಕೂ ದಿಕ್ಕಿನ ಬಾಗಲಾ ತಗದಾರೇನು?” ನಾನು ತಲೆತಗ್ಗಿಸಿದೆನು. ನಮ್ಮ ಮನೆಯಿಂದ ಕೆಲವೇ ಮೈಲಿಗಳ ದೂರದಲ್ಲಿರುವ ಆ ಚಾಲುಕ್ಯರ ಕಾಲದ ಗುಡಿಯೊಳಗೆ ನಾನು ಶಾಲೆಯ ಹುಡುಗನಾಗಿದ್ದಾಗ ಅವನೊಡನೆಯೇ ಹೋದುದು, ಆಮೇಲೆ ಕಾಲಿಟ್ಟಿಲ್ಲ. ಅವನು ನಕ್ಕು, “ಇಲ್ಲೇ ಇದ್ದು ನನಗ ನೆನಪದ, ಅಲ್ಲೇ ಇದ್ದು ನೀ ಮರತಿ” ಎಂದನು.

ಇನ್ವರ್ನೆಸ್ಸಿನ ಗೆಳತಿಯು ನಮ್ಮನ್ನು ಇನ್ನೂ ಮುಂದಕ್ಕೆ ಕರೆದೊಯ್ದರು. ಉಲ್ಲಾಪೂಲಿನಿಂದ ಹಡಗಿನಲ್ಲಿ ಸುಮಾರು ಎರಡೂಮುಕ್ಕಾಲು ತಾಸು ಸಾಗಿದರೆ ಲೂಯಿಸ್ ದ್ವೀಪದ ಸ್ಟಾರ್ನೊವೇ ಬಂದರು. 1799ರಲ್ಲಿ ಟಿಪ್ಪುವು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದು, ಊರೂರಿನ ಕೈಫಿಯತ್ತುಗಳನ್ನು ಬರೆಯಿಸಿದ ಕಾಲಿನ್ ಮೆಕೆಂಜಿಯು ಆ ಊರಿನವನು. ನಮ್ಮ ದೇಶಕ್ಕೆ ಬಂದವನು ತಿರುಗಿ ತನ್ನ ದ್ವೀಪವನ್ನು ಕಾಣಲಿಲ್ಲ. 1821ರಲ್ಲಿ ಕಲಕತ್ತೆಯ ಕಡೆಯಲ್ಲಿ ಕಣ್ಮುಚ್ಚಿದನು. ಗಾಳಿ ಬೀಸುವ ಆ ದಂಡೆಯಲ್ಲಿ ಗೆಳತಿಯರಿಬ್ಬರೂ ಕೈಹಿಡಿದು ನಿಂತು ಊರಿನ ಮಾತನ್ನಾಡುತ್ತಿದ್ದುದನ್ನು ನೋಡಿ, ನಾವು ಬಂದುದು ಒಳ್ಳೆಯದಾಯಿತೆಂದುಕೊಂಡೆನು.

ಊರಿಗೆ ಮರಳಿದ ಮೊದಲ ಸೋಮವಾರ ದಂಪತಿಗಳಿಬ್ಬರೂ ಉಣಕಲ್ಲಿಗೆ ಹೋದೆವು. ನಾಲ್ಕು ಮುಖದ ಲಿಂಗಕ್ಕೆ ಕೈಮುಗಿದು ಗುಡಿಯ ಅಂಗಳದಿಂದಲೇ ಗೆಳೆಯನಿಗೆ ದೂರವಾಣಿ ಮಾಡಿ, ಕಂಬ, ಬಾಗಿಲುವಾಡ, ಗೋಡೆಯ ಶಿಲ್ಪ ಎಲ್ಲವನ್ನೂ ಒಂದೊಂದಾಗಿ ವರ್ಣಿಸಿದೆನು. ಅವನು ನಡುವೆ ಬಾಯಿ ಹಾಕದೆ ಕೇಳಿದನು. ಈಗ ಪ್ರತಿ ಸೋಮವಾರ ಅವನಿಗೆ ಒಂದು ಹೊತ್ತು ಕನ್ನಡ ಪುಸ್ತಕವನ್ನು ಓದಿ ಹೇಳುವ ಪರಿಪಾಠವನ್ನು ಇಟ್ಟುಕೊಂಡಿದ್ದೇನೆ.

ಕೌದಿಯು ನಮ್ಮ ಮಂಚದ ಮೇಲಿದೆ. ವಾಚಕರಲ್ಲಿ ಯಾರಾದರೂ ದೂರದ ಗೆಳೆಯರಿಗೆ “ಬರುವ ವರ್ಷ” ಎಂದು ಮಾತುಕೊಟ್ಟಿದ್ದರೆ, ಅವರು ಈ ವರ್ಷವೇ ಹೊರಡಲಿ ಎಂದು ನಮ್ಮ ಮನೆಯವರು ಬರೆಯಹೇಳಿದ್ದಾರೆ.