ಕುಮಾರಪರ್ವತದ ತಪ್ಪಲು

ಕುಕ್ಕೆ ಸುಬ್ರಹ್ಮಣ್ಯದ ದೇವಾಲಯವನ್ನು ಹಿಂದೆ ಬಿಟ್ಟು, ದೇವರಗದ್ದೆಯ ಕಡೆಗೆ ತಿರುಗಿ, ಅಡಕೆ ತೋಟಗಳ ಅಂಚಿನಲ್ಲಿ ಕಾಡನ್ನು ಹೊಕ್ಕು, ಗಿರಿಗದ್ದೆ, ಕಲ್ಲುಮಂಟಪ, ಶೇಷಪರ್ವತಗಳನ್ನು ಒಂದೊಂದಾಗಿ ದಾಟಿ, 1712 ಮೀಟರು ಎತ್ತರದ ಕುಮಾರಪರ್ವತದ ನೆತ್ತಿಯನ್ನು ಮುಟ್ಟುವ ಕಾಲುದಾರಿಯು ಈಗ ಕೆಲವು ವರ್ಷಗಳಿಂದ ನಾಡಿನ ಯುವಜನರಲ್ಲಿ ಮನೆಮಾತಾಗಿದೆ. 2024ರ ಜನವರಿಯ ಕೊನೆಯಲ್ಲಿ, ರಜೆಯ ದಿನಗಳು ಒಟ್ಟಿಗೆ ಒದಗಿದಾಗ, ಸಾವಿರಾರು ಜನ ಒಮ್ಮೆಲೇ ಅಲ್ಲಿಯ ಅರಣ್ಯ ಚೆಕ್‌ಪೋಸ್ಟಿನ ಮುಂದೆ ನೆರೆದ ದೃಶ್ಯವನ್ನು ನಾಡೆಲ್ಲ ಕಂಡಿತು. ಅದರ ಫಲವಾಗಿ ಸರ್ಕಾರವು ಮುಂಗಡ ನೋಂದಣಿಯ ಏರ್ಪಾಟಿಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಿಸಿತು; ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ಜಾಲತಾಣದ ಮೂಲಕ, ಒಂದು ಪಥಕ್ಕೆ ದಿನಕ್ಕೆ 300 ಮಂದಿಯನ್ನು ಮೀರದಂತೆ, ಟಿಕೆಟು ಕೊಡುವ ಕ್ರಮವನ್ನು ಜಾರಿಗೆ ತಂದಿತು. ಅದು ಯುಕ್ತವಾದ ಕ್ರಮವೆಂದೇ ನನ್ನ ಮತ. ಆದರೆ ಶಿಖರಕ್ಕೆ ಎಷ್ಟು ಜನ ಹೋಗಬಹುದೆಂಬ ಒಂದೇ ಪ್ರಶ್ನೆಯ ಸುತ್ತ ನಮ್ಮ ಚರ್ಚೆಯೆಲ್ಲ ಸುಳಿಯುತ್ತಿರುವಾಗ, ಆ ಶಿಖರಕ್ಕೆ ಆಧಾರವಾದ ತಪ್ಪಲಿನ ಕಾಡು ಯಾರ ಲೆಕ್ಕಕ್ಕೂ ಬಾರದೆ ಉಳಿದಿದೆ. ಈ ಪರ್ವತದಲ್ಲಿ ಅತ್ಯಂತ ಅಮೂಲ್ಯವಾದುದೂ, ಒಮ್ಮೆ ಕೆಟ್ಟರೆ ಮತ್ತೆ ಸರಿಪಡಿಸಲು ಅತ್ಯಂತ ಕಠಿನವಾದುದೂ ಆ ತಪ್ಪಲೇ.

ಸುಬ್ರಹ್ಮಣ್ಯ ಕ್ಷೇತ್ರವು ಸಮುದ್ರಮಟ್ಟಕ್ಕಿಂತ ನೂರಿಪ್ಪತ್ತು ಮೀಟರುಗಳಷ್ಟೇ ಮೇಲಿದೆ. ಅಲ್ಲಿಂದ ಶಿಖರಕ್ಕೆ ಸುಮಾರು 13 ಕಿಲೋಮೀಟರು ನಡಿಗೆ. ಇಷ್ಟು ಕಿರಿದಾದ ಹರವಿನಲ್ಲಿ ನೆಲವು ಹದಿನಾರು ನೂರು ಮೀಟರಿನಷ್ಟು ಮೇಲೇಳುವುದರಿಂದ, ಒಂದೇ ದಿನದಲ್ಲಿ ನಡೆಯುವವನು ಕರಾವಳಿಯ ಸೆಕೆಯಿಂದ ಹೊರಟು, ನಿತ್ಯಹರಿದ್ವರ್ಣದ ಕತ್ತಲೆಯನ್ನು ಹಾದು, ಬಯಲಾದ ಹುಲ್ಲುಗಾವಲನ್ನೂ ಅದರ ಮಡಿಲುಗಳಲ್ಲಿ ಅಡಗಿದ ಶೋಲಾ ಕಾಡುಗಳನ್ನೂ ಕಾಣುತ್ತಾನೆ. ಮೇಲಿನ ಹುಲ್ಲುಗಾವಲಿನ ಚೆಲುವಿಗೆ ಮರುಳಾಗದವರಿಲ್ಲ. ಕೆಳಗಿನ ಕಾಡಾದರೋ ತನ್ನ ಚೆಲುವನ್ನು ಹಾಗೆ ತೆರೆದಿಡುವುದಿಲ್ಲ. ಧೂಮ, ಬಿಳಿಧೂಪ, ಎಣ್ಣೆಮರ, ಬಲಿಗೆ, ರಾಮಪತ್ರೆ, ನಾಗಸಂಪಿಗೆಗಳು ಕತ್ತೆತ್ತಿದರೂ ತುದಿ ಕಾಣದಂತೆ ನೆಟ್ಟಗೆ ಏರಿ ಮೇಲೆ ಒಂದೇ ಹಸುರು ಚಪ್ಪರವಾಗಿ ಕೂಡಿಕೊಂಡಿರುವ ಆ ಕಾಡಿನಲ್ಲಿ ಉಂಬಳಗಳ ಕಾಟವನ್ನು ಸಹಿಸಿ, ನಿಂತು, ಕಿವಿಗೊಟ್ಟವನಿಗೆ ಮಾತ್ರ ಅದರ ಸಂಪತ್ತು ತಿಳಿಯುವುದು.

ಬಿಳಿಧೂಪದ ಬೀಜವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಬಯಲುಸೀಮೆಯ ಅನೇಕ ಮರಗಳ ಬೀಜಗಳು ವರ್ಷಗಟ್ಟಲೆ ಮಣ್ಣಿನಲ್ಲಿ ಮಲಗಿದ್ದು ಅನುಕೂಲ ಕಾಲದಲ್ಲಿ ಮೊಳೆಯಬಲ್ಲವು. ಧೂಪದ ಬೀಜಕ್ಕೆ ಆ ತಾಳ್ಮೆಯಿಲ್ಲ. ಮರದಿಂದ ಉದುರಿದ ಕೆಲವೇ ವಾರಗಳಲ್ಲಿ, ತೇವವೂ ನೆರಳೂ ತರಗೆಲೆಯ ಹಾಸೂ ದೊರೆತರೆ ಮೊಳೆಯುವುದು, ಇಲ್ಲವಾದರೆ ಸಾಯುವುದು. ಸಾವಿರಾರು ಹೆಜ್ಜೆಗಳ ತುಳಿತಕ್ಕೆ ಸಿಕ್ಕಿ ಗಟ್ಟಿಯಾದ ನೆಲದಲ್ಲಿ, ದಾರಿ ಅಗಲವಾದಂತೆ ಬಿಸಿಲು ಇಳಿದು ಒಣಗಿದ ಅಂಚಿನಲ್ಲಿ, ಆ ಬೀಜಕ್ಕೆ ಎಡೆಯಿಲ್ಲ. ಹಳೆಯ ಮರವೇನೋ ಇನ್ನೂ ನೂರು ವರ್ಷ ನಿಂತೀತು, ನೋಡಿದವರು ಕಾಡು ಕ್ಷೇಮವಾಗಿದೆಯೆಂದೇ ಬಗೆದಾರು. ಅದರ ಬುಡದಲ್ಲಿ ಮರಿ ಇಲ್ಲವೆಂಬುದನ್ನು ನೋಡುವವರು ವಿರಳ. ಮಂಗಟ್ಟೆ ಹಕ್ಕಿಯ ಬಾಳು ಇದಕ್ಕಿಂತ ಸೂಕ್ಷ್ಮ. ದೊಡ್ಡ ಮರದ ಪೊಟರೆಯೊಳಗೆ ಹೆಣ್ಣು ಹಕ್ಕಿಯು ಹೊಕ್ಕು, ಬಾಗಿಲನ್ನು ಒಂದು ಸೀಳಿನಷ್ಟು ಮಾತ್ರ ಉಳಿಸಿ ಮುಚ್ಚಿಕೊಂಡು, ತಿಂಗಳುಗಟ್ಟಲೆ ಸೆರೆಯಲ್ಲಿರುವಾಗ, ಗಂಡು ತಂದುಕೊಡುವ ಹಣ್ಣೇ ತಾಯಿಗೂ ಮರಿಗಳಿಗೂ ಜೀವಾಧಾರ. ಅದು ನುಂಗಿ ಉಗುಳಿದ ಬೀಜಗಳಿಂದಲೇ ರಾಮಪತ್ರೆಯ ಜಾತಿಯ ಮರಗಳು ಕಾಡಿನ ತುಂಬ ಹರಡಬೇಕು. ಮರವಿಲ್ಲದೆ ಹಕ್ಕಿಯಿಲ್ಲ, ಹಕ್ಕಿಯಿಲ್ಲದೆ ಮರವಿಲ್ಲ.

ಘಟ್ಟದ ಎತ್ತರದ ಭಾಗಗಳು ತಮ್ಮ ದುರ್ಗಮತೆಯಿಂದಲೇ ಬಹುಮಟ್ಟಿಗೆ ಉಳಿದುಕೊಂಡವು. ಘಟ್ಟದ ಬುಡದ ಕಾಡಿಗೆ ಆ ಭಾಗ್ಯವಿರಲಿಲ್ಲ. ತೋಟಕ್ಕೆ ಯೋಗ್ಯವಾದ ನೆಲವೂ ನೀರೂ ಅಲ್ಲೇ, ರಸ್ತೆ ಹಾಯುವುದೂ ಅಲ್ಲೇ, ಮರ ಸಾಗಿಸಲು ಸುಲಭವಾದುದೂ ಅಲ್ಲೇ. ಕೆಲವು ಕಡೆ ಅಡಕೆ, ಕೆಲವು ಕಡೆ ರಬ್ಬರು. ಅದಕ್ಕೂ ಮೊದಲು ರೈಲುಹಳಿಯ ಅಡಿಹಲಗೆಗಳಿಗೂ ಪ್ಲೈವುಡ್ ಕಾರ್ಖಾನೆಗಳಿಗೂ ಹೋದ ಮರಗಳ ಲೆಕ್ಕ ಬೇರೆ. ಆದುದರಿಂದ ಇಂದಿಗೂ ಅಖಂಡವಾಗಿ ಉಳಿದಿರುವ ತಗ್ಗಿನ ನಿತ್ಯಹರಿದ್ವರ್ಣವು ಪಶ್ಚಿಮಘಟ್ಟದಲ್ಲಿ ಅತಿ ವಿರಳವಾದ ವಸ್ತು. ಕುಮಾರಪರ್ವತದ ತಪ್ಪಲಿನ ಬೆಲೆಯನ್ನು ಈ ಹಿನ್ನೆಲೆಯಲ್ಲಿಯೇ ಕಟ್ಟಬೇಕು. ಈ ಪರ್ವತದ ನೆತ್ತಿಯನ್ನು ಒಳಗೊಂಡು 1987ರಲ್ಲಿ ಸ್ಥಾಪಿತವಾದ ಪುಷ್ಪಗಿರಿ ವನ್ಯಜೀವಿಧಾಮವು ಸುಮಾರು 102 ಚದರ ಕಿಲೋಮೀಟರು ವಿಸ್ತಾರವುಳ್ಳದ್ದು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಅವುಗಳಲ್ಲಿ ಒಂದಾಯಿತು. ಆದರೆ ಕೊಡಗಿಗೆ ಸೇರಿದ ಆ ಧಾಮಕ್ಕೆ ದಕ್ಷಿಣ ಕನ್ನಡದ ಕಡೆಯಿಂದ ಏರಿಹೋಗುವ ದಾರಿಯ ಮೊದಲ ಭಾಗವು ಮೀಸಲು ಅರಣ್ಯದಲ್ಲಿದ್ದು, ಚೆಕ್‌ಪೋಸ್ಟು ಸಿಗುವುದು ಗಿರಿಗದ್ದೆಯನ್ನು ಮುಟ್ಟಿದ ಮೇಲೆಯೇ. ಕೆಳಗಿನ ಐದಾರು ಕಿಲೋಮೀಟರು ದಾರಿಯು ಜನರ ಮನಸ್ಸಿನಲ್ಲಿ ಪೀಠಿಕೆಯಾಗಿ ಮಾತ್ರ ಉಳಿದುಬಿಟ್ಟಿದೆ.

ಹಿಂದಿನವರು ಈ ತಪ್ಪಲನ್ನು ಹಾಗೆ ನೋಡಿದವರಲ್ಲ. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿಯು ರಕ್ತಸಿಕ್ತವಾದ ಆಯುಧವನ್ನು ಇಲ್ಲಿಯ ಹೊಳೆಯಲ್ಲಿ ತೊಳೆದನೆಂದೂ, ಅದರಿಂದಲೇ ಅದು ಕುಮಾರಧಾರೆಯಾಯಿತೆಂದೂ, ಗರುಡನಿಗೆ ಅಂಜಿದ ವಾಸುಕಿಯು ಬಿಲದ್ವಾರದ ಗುಹೆಯಲ್ಲಿ ಅಡಗಿದ್ದನೆಂದೂ ಸ್ಥಳಪುರಾಣ ಹೇಳುತ್ತದೆ. ಪುರಾಣದ ಹೊಳೆಯೂ ಗುಹೆಯೂ ಬೆಟ್ಟದ ಬುಡದಲ್ಲಿಯೇ ಇವೆ ಎಂಬುದನ್ನು ಗಮನಿಸಬೇಕು. ಮಾರ್ಗಶಿರ ಮಾಸದ ಚಂಪಾಷಷ್ಠಿಯಂದು ನಡೆಯುವ ಬ್ರಹ್ಮರಥೋತ್ಸವದ ಮಹಾರಥವನ್ನು ಕಾಡಿನ ಬೆತ್ತದಿಂದ ಬಿಗಿದು ಅಲಂಕರಿಸುವರು. ಬೆತ್ತವನ್ನು ಕಡಿದು ತರುವವರೂ ರಥವನ್ನು ಕಟ್ಟುವವರೂ ಈ ಕಾಡಿನ ಮೂಲನಿವಾಸಿಗಳಾದ ಮಲೆಕುಡಿಯರು. ಉತ್ಸವ ಮುಗಿದ ಮೇಲೆ ಆ ಬೆತ್ತದ ತುಂಡುಗಳನ್ನು ಭಕ್ತರು ಪ್ರಸಾದವಾಗಿ ಮನೆಗೆ ಒಯ್ಯುವರು. ಬೆತ್ತವೆಂಬುದು ಸ್ವಂತ ಬಲದಿಂದ ನಿಲ್ಲಲಾರದ ಬಳ್ಳಿ. ದೊಡ್ಡ ಮರಗಳನ್ನು ಅವಲಂಬಿಸಿ, ಅವುಗಳ ನೆರಳಿನಲ್ಲಿ ಹುಟ್ಟಿ, ಬೆಳಕನ್ನು ಅರಸುತ್ತ ಮೇಲೇರಬೇಕಾದುದು. ಮರ ಹೋದ ಕಡೆ ಬೆತ್ತ ಉಳಿಯದು, ಬೆತ್ತವಿಲ್ಲದ ವರ್ಷ ರಥಕ್ಕೆ ಹಳೆಯ ಕಟ್ಟು ದೊರೆಯದು. ದೇವರ ತೇರು ಹೀಗೆ ತಪ್ಪಲಿನ ಕಾಡಿನ ಆರೋಗ್ಯವನ್ನು ವರ್ಷಕ್ಕೊಮ್ಮೆ ಅಳೆದು ತೋರಿಸುವ ಅಳತೆಗೋಲಾಗಿದೆ. ಇಂಥ ಅಳತೆಗೋಲು ಕೈಯಲ್ಲಿದ್ದೂ, ಟಿಕೆಟಿನ ನಿಯಮಗಳನ್ನು ರೂಪಿಸುವ ಚರ್ಚೆಯಲ್ಲಿ ಮಲೆಕುಡಿಯರ ಹೆಸರೇ ಕೇಳಿಬಾರದಿರುವುದು ನನಗೆ ಸರಿಯೆಂದು ತೋರುವುದಿಲ್ಲ.

ರಾಜಕೀಯ ಚರಿತ್ರೆಯೂ ಈ ಬೆಟ್ಟದ ಬುಡದಲ್ಲಿ ಗೆರೆ ಎಳೆದಿದೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು, ಘಟ್ಟದ ಕೆಳಗಿನ ಅಮರಸುಳ್ಯದ ಸೀಮೆಯನ್ನು ಅದರಿಂದ ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿದರು. ಅದರ ಕುದಿಯು 1837ರ ಅಮರಸುಳ್ಯದ ದಂಗೆಯಲ್ಲಿ ಹೊರಬಿದ್ದಿತು. ಅಲ್ಲಿಂದ 1956ರ ಏಕೀಕರಣದ ತನಕ, ತಪ್ಪಲಿನ ಸುಬ್ರಹ್ಮಣ್ಯವು ಮದರಾಸಿಗೂ, ಪುಷ್ಪಗಿರಿಯ ಬೆಟ್ಟಸಾಲು ಕೊಡಗಿಗೂ, ಉತ್ತರಕ್ಕೆ ಬಿಸಿಲೆಯ ಕಡೆಯ ಕಾಡು ಮೈಸೂರಿಗೂ ಸೇರಿ, ಮೂರು ಆಡಳಿತಗಳು ಈ ಒಂದೇ ಅರಣ್ಯರಾಶಿಯನ್ನು ಹಂಚಿಕೊಂಡಿದ್ದವು. ಗಡಿ ಅಳಿದು ಏಳು ದಶಕಗಳೇ ಸಂದರೂ ನಮ್ಮ ರಕ್ಷಣೆಯ ವಿಧಾನ ಮಾತ್ರ ಇನ್ನೂ ಆ ಹಳೆಯ ಗೆರೆಗಳನ್ನೇ ಅನುಸರಿಸುತ್ತಿದೆ. ಆನೆಗೂ ಮಂಗಟ್ಟೆಗೂ ಕುಮಾರಧಾರೆಗೂ ಜಿಲ್ಲೆಯಿಲ್ಲ. ಪುಷ್ಪಗಿರಿಯಲ್ಲಿ ಹುಟ್ಟಿದ ಆ ಹೊಳೆ ಮಲ್ಲಳ್ಳಿಯಲ್ಲಿ ಧುಮುಕಿ, ಸುಬ್ರಹ್ಮಣ್ಯದ ಸ್ನಾನಘಟ್ಟವನ್ನು ಮುಟ್ಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಮಂಗಳೂರಿನ ಮನೆಮನೆಗಳಿಗೆ ಕುಡಿಯುವ ನೀರಾಗುತ್ತದೆ.

ಇಂದಿನ ಚಾರಣಿಗರಲ್ಲಿ ಅನೇಕರು ಬೆಂಗಳೂರಿನಿಂದ ರಾತ್ರಿಯ ಬಸ್ಸಿನಲ್ಲಿ ಬಂದು, ನಸುಕಿಗೂ ಮುನ್ನವೇ ಕೈದೀಪ ಹಿಡಿದು ತಪ್ಪಲಿನ ಕಾಡನ್ನು ದಾಟಿಬಿಡುವರು. ಬೆಳಕು ಮೂಡುವ ವೇಳೆಗೆ ಹುಲ್ಲುಗಾವಲಿನಲ್ಲಿರಬೇಕೆಂಬುದು ಅವರ ಆತುರ. ಇಳಿಯುವಾಗ ದಣಿವಿನಿಂದ ಯಾವುದೂ ಕಣ್ಣಿಗೆ ಬೀಳದು. ಸಹ್ಯಾದ್ರಿಯ ಅತ್ಯಂತ ಪುರಾತನವಾದ ಕಾಡುಗಳಲ್ಲೊಂದನ್ನು ಹಾದುಹೋಗಿಯೂ ಅದನ್ನು ಕಾಣದೆ ಹಿಂದಿರುಗುವ ಈ ಪರಿಯು ನನ್ನನ್ನು ಬಹಳ ನೋಯಿಸುತ್ತದೆ. ತಪ್ಪು ಆ ಹುಡುಗರದೆಂದು ಹೇಳಲಾರೆ. ಶಿಖರವೊಂದೇ ಗುರಿಯೆಂದು ಅವರಿಗೆ ಕಲಿಸಿದವರು ನಾವು.

ಆದುದರಿಂದ ಅರಣ್ಯ ಇಲಾಖೆಯು ಈಗಿನ ಏರ್ಪಾಟನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಶಿಖರದ ಟಿಕೆಟುಗಳ ಸಂಖ್ಯೆಯನ್ನು ಇನ್ನಷ್ಟು ತಗ್ಗಿಸಿ, ಗಿರಿಗದ್ದೆಯವರೆಗಿನ ತಪ್ಪಲಿನ ನಡಿಗೆಗೆಂದೇ ಬೇರೆ ಟಿಕೆಟು ಕೊಡಲಿ. ಅದು ಹಗಲಿನಲ್ಲಿ ಮಾತ್ರ, ಕಿರಿಯ ತಂಡಗಳಲ್ಲಿ, ಮಾರ್ಗದರ್ಶಕರ ಜೊತೆಯಲ್ಲಿ ನಡೆಯಲಿ. ಆ ಮಾರ್ಗದರ್ಶಕರು ಮಲೆಕುಡಿಯರೂ ಸ್ಥಳೀಯ ಕೃಷಿಕ ಕುಟುಂಬಗಳ ತರುಣ ತರುಣಿಯರೂ ಆಗಿರಲಿ, ಅವರಿಗೆ ವರ್ಷವಿಡೀ ಸಂಬಳ ಸಿಗಲಿ, ಮರಗಳ ಹೆಸರುಗಳನ್ನು ಕನ್ನಡದಲ್ಲಿಯೂ ತುಳುವಿನಲ್ಲಿಯೂ ಹೇಳಬಲ್ಲವರಾಗಿರಲಿ. ದಾರಿ ಕೊರೆದು ಹಳ್ಳವಾದ ಕಡೆಗಳಲ್ಲಿ ಮಳೆನೀರು ಅಡ್ಡಕ್ಕೆ ಹರಿದುಹೋಗುವಂತೆ ಕಲ್ಲು ಕಟ್ಟಿ, ಜನ ತುಳಿದು ಮಾಡಿದ ಒಳದಾರಿಗಳನ್ನು ಮುಳ್ಳು ಹಾಕಿ ಮುಚ್ಚಿ, ಬರಿದಾದ ಅಂಚಿನಲ್ಲಿ ಬೆತ್ತವನ್ನೂ ಧೂಪವನ್ನೂ ನೆಡಿಸುವ ಕೆಲಸಕ್ಕೆ ಟಿಕೆಟಿನ ಹಣದ ಒಂದು ಪಾಲು ಕಡ್ಡಾಯವಾಗಿ ಮೀಸಲಾಗಲಿ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರುಗಳಲ್ಲಿ ಕುಸಿದ ಗುಡ್ಡಗಳನ್ನು ಕಂಡ ಜನರಿಗೆ, ಇಳಿಜಾರಿನ ಮಣ್ಣು ಬೇರಿನ ಹಿಡಿತದಿಂದ ನಿಂತಿರುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಮಾಡಿದರೆ ವರಮಾನ ಕಡಿಮೆಯಾದೀತೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಶಿಖರವನ್ನು ಏರಲಾರದ ವೃದ್ಧರೂ ಶಾಲೆಯ ಮಕ್ಕಳೂ, ವರ್ಷವಿಡೀ ದೇವರ ದರ್ಶನಕ್ಕೆ ಬರುವ ಲಕ್ಷಾಂತರ ಯಾತ್ರಿಕರಲ್ಲಿ ಆಸಕ್ತಿಯುಳ್ಳವರೂ ಆ ಕಿರಿಯ ನಡಿಗೆಗೆ ಬಂದಾರು.

ಇಲಾಖೆ ಇದನ್ನು ಮಾಡುವವರೆಗೆ ಕಾಯಬೇಕಾದುದಿಲ್ಲ. ಮಳೆ ನಿಂತು ಪಥ ತೆರೆದಾಗ ಟಿಕೆಟು ಕೊಳ್ಳುವ ಪ್ರತಿಯೊಬ್ಬರಲ್ಲಿಯೂ ನನ್ನ ವಿಜ್ಞಾಪನೆ ಇದು: ಬೆಳಗಾಗುವವರೆಗೆ ಸುಬ್ರಹ್ಮಣ್ಯದಲ್ಲಿಯೇ ಇರಿ, ಕುಮಾರಧಾರೆಯಲ್ಲಿ ಮಿಂದು ನಿಧಾನವಾಗಿ ಹೊರಡಿ, ಗಿರಿಗದ್ದೆಯ ತನಕದ ಕಾಡಿಗೆ ಅರ್ಧ ದಿನವನ್ನಾದರೂ ಕೊಡಿ. ಶಿಖರಕ್ಕೆ ಹೊತ್ತು ಸಾಲದೆ ಹೋದರೆ, ಆ ವರ್ಷ ಅದನ್ನು ಬಿಟ್ಟುಬಿಡಿ.